ಕೊಡೈಕೆನಾಲಿನ ಸುರಂಗದಲ್ಲಿ ಸೂರ್ಯ

ಬತ್ಲಗುಂಡು ಬಿಟ್ಟು ಬಸ್ಸು ಘಾಟಿ ಹತ್ತಲು ತೊಡಗಿದಾಗ ಕಿಟಕಿಯ ಗಾಜುಗಳೆಲ್ಲ ತೆರೆದೇ ಇರುತ್ತವೆ. ಬಯಲಿನ ಸೆಕೆ ಅಷ್ಟಿರುತ್ತದೆ. ಬಾಳೆತೋಟಗಳು ಕಳೆದು ಕಾಫಿತೋಟಗಳು ಕಾಣಿಸುವ ಹೊತ್ತಿಗೆ ಗಾಜುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಸಿಲ್ವರ್ ಕ್ಯಾಸ್ಕೇಡ್ ಜಲಪಾತದ ತಿರುವು ದಾಟಿದ ಮೇಲಂತೂ ಅಮ್ಮಂದಿರು ಚೀಲದಿಂದ ಸ್ವೆಟರ್ ತೆಗೆದು ಮಕ್ಕಳ ತಲೆಗೆ ತೂರಿಸುತ್ತಾರೆ. ಮೇಲೆ ಹೋದಂತೆ ತಂಪು. ಪಳನಿ ಬೆಟ್ಟಸಾಲಿನ ಈ ದಾರಿಯಲ್ಲಿ ಬರುವ ಪ್ರತಿಯೊಬ್ಬರಿಗೂ ಪುಸ್ತಕವಿಲ್ಲದೆ, ಮೈಯಿಂದಲೇ ತಿಳಿಯುವ ಪಾಠ ಇದು.

ಅದೇ ಪ್ರವಾಸಿಗ ಮರುದಿನ ಬೆಳಿಗ್ಗೆ ಊರಿನ ಗದ್ದಲ ಬಿಟ್ಟು, ಬೆಟ್ಟದ ಎತ್ತರದಲ್ಲಿರುವ ಸೌರ ವೀಕ್ಷಣಾಲಯದ ಕಡೆ ಹೆಜ್ಜೆ ಹಾಕಿದರೆ ಈ ಪಾಠ ತಲೆಕೆಳಗಾಗುತ್ತದೆ. ಇಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ನೋಡುತ್ತಿರುವ ಸೂರ್ಯನಲ್ಲಿ ವಿಷಯ ತದ್ವಿರುದ್ಧ. ಸೂರ್ಯನ ಹೊಳೆಯುವ ಮೈಯ ಉಷ್ಣತೆ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಅಲ್ಲಿಂದ ಹೊರಗೆ, ಮೇಲಕ್ಕೆ ಹೋದರೆ ತಂಪಾಗಬೇಕಲ್ಲವೇ? ಆಗುವುದಿಲ್ಲ. ಕೆಲವು ಸಾವಿರ ಕಿಲೋಮೀಟರ್ ಮೇಲೇರುವಷ್ಟರಲ್ಲಿ ಉಷ್ಣತೆ 10 ಲಕ್ಷ ಡಿಗ್ರಿ ಮೀರುತ್ತದೆ! ಒಲೆಯಿಂದ ದೂರ ಸರಿದಷ್ಟೂ ಸೆಕೆ ಹೆಚ್ಚಾದರೆ ಹೇಗಿರುತ್ತದೆಯೋ ಹಾಗೆ.

ಇದು ಏಕೆ ಹೀಗೆ ಎಂಬ ಪ್ರಶ್ನೆಗೆ ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ. ಆದರೆ ಉತ್ತರ ಎಲ್ಲಿ ಅಡಗಿದೆ ಎಂಬುದು ಗೊತ್ತಾಗಿದೆ: ಸೂರ್ಯನ ಕಾಂತಕ್ಷೇತ್ರದಲ್ಲಿ. ಆ ಹುಡುಕಾಟದ ಕೆಲವು ಮುಖ್ಯ ಪುಟಗಳು ಈ ಮಂಜಿನ ಊರಿನಲ್ಲೇ ಬರೆಯಲ್ಪಟ್ಟವು. ಇನ್ನು ಕೆಲವು ನಮ್ಮ ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ.

ಬರಗಾಲ ಕಟ್ಟಿಸಿದ ವೀಕ್ಷಣಾಲಯ

ಕೊಡೈಕೆನಾಲಿಗೆ ಬರುವ ಬಹುಪಾಲು ಜನ ಸರೋವರದಲ್ಲಿ ದೋಣಿ ನಡೆಸಿ, ಕೋಕರ್ಸ್ ವಾಕ್‌ನಲ್ಲಿ ಅಡ್ಡಾಡಿ, ಪಿಲ್ಲರ್ ರಾಕ್ಸ್ ಎದುರು ಫೋಟೋ ತೆಗೆಸಿಕೊಂಡು ಇಳಿದುಬಿಡುತ್ತಾರೆ. ಸಮುದ್ರಮಟ್ಟದಿಂದ 2,343 ಮೀಟರ್ ಎತ್ತರದಲ್ಲಿ, ಮರಗಳ ನಡುವೆ ಬಿಳಿಯ ಗುಮ್ಮಟಗಳನ್ನು ಹೊತ್ತು ನಿಂತ ವೀಕ್ಷಣಾಲಯ ಅವರ ಪಟ್ಟಿಯಲ್ಲಿ ಕೊನೆಯದು. ಆದರೆ ಇದರ ಹುಟ್ಟಿನ ಕಥೆ ವಿಹಾರದ್ದಲ್ಲ, ಹಸಿವಿನದು.

1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಸುಟ್ಟ ಬರಗಾಲವನ್ನು ಹಳೆಯ ಮೈಸೂರಿನ ಹಿರಿಯರು ‘ಧಾತು ಈಶ್ವರ ಬರ’ ಎಂದು ಸಂವತ್ಸರಗಳ ಹೆಸರಿನಿಂದಲೇ ಕರೆಯುತ್ತಿದ್ದರು. ಮದರಾಸು ಪ್ರಾಂತ್ಯದಲ್ಲೂ ಮೈಸೂರು ಸೀಮೆಯಲ್ಲೂ ಲಕ್ಷಾಂತರ ಜನ ಸತ್ತರು. ಮಳೆ ಏಕೆ ಕೈಕೊಡುತ್ತದೆ ಎಂಬ ಪ್ರಶ್ನೆ ಆಗ ಸರಕಾರವನ್ನೂ ವಿಜ್ಞಾನಿಗಳನ್ನೂ ಕಾಡಿತು. ಸೂರ್ಯನ ಮೈಮೇಲಿನ ಕಪ್ಪು ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಿ ಕಡಿಮೆಯಾಗುತ್ತವೆ ಎಂಬುದು ಅಷ್ಟು ಹೊತ್ತಿಗೆ ತಿಳಿದಿತ್ತು. ಕಲೆಗಳಿಗೂ ಮಳೆಗೂ ನಂಟು ಸಿಕ್ಕಿದರೆ ಬರವನ್ನು ಮೊದಲೇ ಹೇಳಬಹುದಲ್ಲ ಎಂಬ ಆಸೆ ಹುಟ್ಟಿತು. ಸೂರ್ಯನನ್ನು ದಿನವೂ ನೋಡಬೇಕು ಎಂಬ ಸಲಹೆ ಬಂದದ್ದು ಹೀಗೆ.

ಮದರಾಸಿನ ಖಗೋಳಜ್ಞ ಚಾರ್ಲ್ಸ್ ಮಿಚಿ ಸ್ಮಿತ್ ಪಳನಿ ಮತ್ತು ನೀಲಗಿರಿ ಬೆಟ್ಟಗಳಲ್ಲಿ ಜಾಗ ಹುಡುಕಿ ಕೊನೆಗೆ ಕೊಡೈಕೆನಾಲನ್ನು ಆರಿಸಿದರು. 1895ರಲ್ಲಿ ಅಡಿಗಲ್ಲು ಬಿತ್ತು. 1899ರಲ್ಲಿ ವೀಕ್ಷಣಾಲಯ ತೆರೆಯಿತು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲೇ ಸೂರ್ಯನ ದೈನಂದಿನ ಛಾಯಾಚಿತ್ರ ತೆಗೆಯುವ ಪರಿಪಾಠ ಶುರುವಾಯಿತು. ಮೋಡ ಅಡ್ಡ ಬಂದ ದಿನಗಳನ್ನು ಬಿಟ್ಟರೆ ಆ ಪರಿಪಾಠ ನಿಂತಿಲ್ಲ. ಮೊದಲು ಗಾಜಿನ ಫಲಕ, ಆಮೇಲೆ ಫಿಲಂ, ಈಗ ಇಲೆಕ್ಟ್ರಾನಿಕ್ ಕ್ಯಾಮೆರಾ. ಲಕ್ಷಕ್ಕೂ ಮೀರಿದ ಹಳೆಯ ಚಿತ್ರಗಳನ್ನು ಈಗ ಕಂಪ್ಯೂಟರಿಗೆ ಏರಿಸಲಾಗಿದೆ. ಅಜ್ಜ, ತಂದೆ, ಮಗ ಎಂದು ಮೂರು ತಲೆಮಾರು ಇದೇ ಕೆಲಸದಲ್ಲಿ ಕಳೆದ ಕುಟುಂಬವೂ ಇಲ್ಲಿ ಉಂಟು.

ಬರವನ್ನು ಮೊದಲೇ ಹೇಳುವ ಆಸೆ ಮಾತ್ರ ಈಡೇರಲಿಲ್ಲ. ನಮ್ಮ ಮಳೆಗಾಲದ ಹಿಂದೆ ಸಮುದ್ರ, ಗಾಳಿ, ನೆಲ ಎಲ್ಲವೂ ಇವೆ. ಕಲೆಗಳ ಲೆಕ್ಕ ಒಂದರಿಂದಲೇ ಅದನ್ನು ಹಿಡಿಯಲಾಗದು. ಕೊಡೈಕೆನಾಲಿನ ಗುಡ್ಡಗಳಲ್ಲಿ ಕುರಿಂಜಿ ಹೂವು 12 ವರ್ಷಕ್ಕೊಮ್ಮೆ ಅರಳುತ್ತದೆ. ಸೂರ್ಯನ ಕಲೆಗಳು 11 ವರ್ಷಕ್ಕೊಮ್ಮೆ. ಎರಡು ಲೆಕ್ಕ ಹತ್ತಿರ ಬಂದ ಮಾತ್ರಕ್ಕೆ ನಂಟು ಇದೆ ಎನ್ನಲಾಗುವುದಿಲ್ಲ. ಆದರೆ ಮಳೆಗಾಗಿ ಶುರುವಾದ ನೋಟ, ಯಾರೂ ಕೇಳಿರದ ಬೇರೊಂದು ಪ್ರಶ್ನೆಯ ಹತ್ತಿರ ವಿಜ್ಞಾನಿಗಳನ್ನು ಕರೆದೊಯ್ದಿತು.

1909ರ ಒಂದು ತಿಳಿ ಬೆಳಗು

ಜಾನ್ ಎವರ್‌ಶೆಡ್ ಎಂಬ ಇಂಗ್ಲಿಷರವರು ಕೊಡೈಕೆನಾಲಿಗೆ ಬಂದದ್ದು 1907ರಲ್ಲಿ. ಆಗ ಅವರಿಗೆ ನಲವತ್ತು ದಾಟಿತ್ತು. ಅದುವರೆಗೆ ರಾಸಾಯನಿಕ ಉದ್ಯಮದಲ್ಲಿ ಕೆಲಸ ಮಾಡುತ್ತ, ಬಿಡುವಿನ ವೇಳೆಯಲ್ಲಿ ಸೂರ್ಯನನ್ನು ನೋಡುತ್ತಿದ್ದ ಹವ್ಯಾಸಿ ಅವರು. ಜೊತೆಗೆ ಬಂದ ಪತ್ನಿ ಮೇರಿ ಕೂಡ ಖಗೋಳಾಸಕ್ತೆ. ಇಟಲಿಯ ಕವಿ ಡಾಂಟೆಯ ಕಾವ್ಯದಲ್ಲಿ ಬರುವ ಖಗೋಳದ ಬಗ್ಗೆ ಪುಸ್ತಕ ಬರೆದವರು. ಸೂರ್ಯನ ಅಂಚಿನಿಂದ ಮೇಲೇಳುವ ಅನಿಲದ ಕಮಾನುಗಳನ್ನು ದಂಪತಿ ಒಟ್ಟಿಗೆ ಅಧ್ಯಯನ ಮಾಡಿದರು.

ಅದೇ ಕಾಲಕ್ಕೆ, 1908ರಲ್ಲಿ, ಅಮೆರಿಕದ ಮೌಂಟ್ ವಿಲ್ಸನ್ ಬೆಟ್ಟದ ಮೇಲೆ ಜಾರ್ಜ್ ಎಲರಿ ಹೇಲ್ ದೊಡ್ಡ ಸುದ್ದಿ ಕೊಟ್ಟಿದ್ದರು. ಸೂರ್ಯನ ಕಲೆಗಳು ಅಯಸ್ಕಾಂತಗಳು! ಬೆಳಕನ್ನು ಪಟ್ಟಕದಂಥ ಸಾಧನದಿಂದ ಬಣ್ಣಬಣ್ಣವಾಗಿ ಬಿಡಿಸಿದಾಗ ಸಿಗುವ ರೋಹಿತದಲ್ಲಿ ಸಾವಿರಾರು ಕಪ್ಪು ಗೆರೆಗಳು ಇರುತ್ತವೆ. ಬೆಳಕು ಹೊರಟ ಜಾಗದಲ್ಲಿ ಬಲವಾದ ಕಾಂತಕ್ಷೇತ್ರ ಇದ್ದರೆ ಒಂದು ಗೆರೆ ಸೀಳಿ ಎರಡು ಮೂರು ಆಗುತ್ತದೆ. ಕಲೆಗಳಿಂದ ಬಂದ ಬೆಳಕಿನಲ್ಲಿ ಹೇಲ್ ಕಂಡದ್ದು ಈ ಸೀಳನ್ನೇ. ಲೆಕ್ಕ ಹಾಕಿದರೆ, ಭೂಮಿಯ ಕಾಂತಕ್ಷೇತ್ರದ ಸಾವಿರಾರು ಪಟ್ಟು ಬಲ.

ಕಲೆಗಳು ಸುಂಟರಗಾಳಿಯಂತೆ ಸುತ್ತುತ್ತಿರಬೇಕು ಎಂಬುದು ಆಗಿನ ಊಹೆ. 1909ರ ಜನವರಿ 5ರಂದು, ಮಳೆ ಸುರಿದು ಆಕಾಶ ತಿಳಿಯಾಗಿದ್ದಾಗ, ಎವರ್‌ಶೆಡ್ ದೊಡ್ಡ ಕಲೆಗಳ ರೋಹಿತದ ಚಿತ್ರ ತೆಗೆದರು. ರೈಲು ಹತ್ತಿರ ಬರುವಾಗ ಸಿಳ್ಳೆಯ ದನಿ ಏರುತ್ತದೆ, ದೂರ ಹೋಗುವಾಗ ಇಳಿಯುತ್ತದೆ. ಬೆಳಕಿನ ಗೆರೆಗಳೂ ಹಾಗೆಯೇ ಅತ್ತಿತ್ತ ಸರಿಯುತ್ತವೆ. ಆ ಸರಿತವನ್ನು ಅಳೆದಾಗ ಅನಿಲ ಸುತ್ತುತ್ತಿರಲಿಲ್ಲ. ಕಲೆಯ ನಡುವಿನಿಂದ ಹೊರಕ್ಕೆ, ಹೂವಿನ ಎಸಳುಗಳು ಬಿಚ್ಚಿಕೊಂಡಂತೆ, ಎಲ್ಲ ದಿಕ್ಕಿಗೂ ಹರಿಯುತ್ತಿತ್ತು. ವೇಗ ಸೆಕೆಂಡಿಗೆ ಸುಮಾರು 2 ಕಿಲೋಮೀಟರ್. ಜಗತ್ತಿನ ಎಲ್ಲ ಪಠ್ಯಪುಸ್ತಕಗಳಲ್ಲೂ ಇಂದು ಇದು ‘ಎವರ್‌ಶೆಡ್ ಪರಿಣಾಮ’. ಕಲೆಯಿಂದ ಹೊರಗೆ ಬೀಸಣಿಗೆಯಂತೆ ಹರಡಿಕೊಂಡ ಕಾಂತಕ್ಷೇತ್ರವೇ ಆ ಹರಿವಿಗೆ ದಾರಿ ಹಾಕಿಕೊಡುತ್ತದೆ ಎಂಬುದು ಮುಂದೆ ತಿಳಿಯಿತು. ಸೂರ್ಯನಲ್ಲಿ ಅನಿಲಕ್ಕೂ ಕಾಂತಕ್ಷೇತ್ರಕ್ಕೂ ಬಿಡಿಸಲಾಗದ ಗಂಟು ಇದೆ ಎಂಬುದರ ಮೊದಲ ಸುಳಿವುಗಳಲ್ಲಿ ಇದೂ ಒಂದು.

ಅರವತ್ತು ಮೀಟರಿನ ಕತ್ತಲೆ

ವೀಕ್ಷಣಾಲಯದ ಆವರಣದಲ್ಲಿ ಕಣ್ಣಿಗೆ ಬೀಳುವ ಗೋಪುರದ ಎತ್ತರ 11 ಮೀಟರ್. ಅದರ ತುದಿಯಲ್ಲಿ ಕನ್ನಡಿಗಳಿವೆ. ಸೂರ್ಯ ಆಕಾಶದಲ್ಲಿ ಸರಿದಂತೆ ಕನ್ನಡಿಯೂ ತಿರುಗಿ, ಬೆಳಕನ್ನು ಕೆಳಗಿಳಿಸಿ, ನೆಲದಡಿಯ 60 ಮೀಟರ್ ಉದ್ದದ ಸುರಂಗದೊಳಕ್ಕೆ ಕಳಿಸುತ್ತದೆ. ಹೊರಗಿನ ಗಾಳಿಯ ಬಿಸಿಲು ನೆರಳಿನ ಕುಣಿತ ಒಳಗೆ ಬಾರದಿರಲಿ ಎಂದೇ ಈ ಏರ್ಪಾಡು. ಸುರಂಗ ದೂರದರ್ಶಕ ಸಿದ್ಧವಾದದ್ದು 1960ರ ಸುಮಾರಿಗೆ. ಆ ವರ್ಷವೇ ವೀಕ್ಷಣಾಲಯದ ಹೊಣೆ ಹೊತ್ತ ವೇಣು ಬಾಪು ಮುಂದೆ ಬೆಂಗಳೂರಿನಲ್ಲಿ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದರು. 1971ರಿಂದ ಕೊಡೈಕೆನಾಲ್ ಆ ಸಂಸ್ಥೆಯ ಅಂಗ.

ಕತ್ತಲೆಯ ಸುರಂಗದ ಕೊನೆಯಲ್ಲಿ ಸೂರ್ಯ 34 ಸೆಂಟಿಮೀಟರ್ ಅಗಲದ ಬಿಂಬವಾಗಿ ಮೂಡುತ್ತಾನೆ. ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದು. ಈ ಅಳತೆಯಲ್ಲಿ ನಮ್ಮ ಭೂಮಿ ಒಂದು ಹೆಸರುಕಾಳಿನಷ್ಟು. ತಟ್ಟೆಯ ಮೇಲೆ ಕಪ್ಪು ಕಲೆಯೊಂದು ಕುಳಿತಿದ್ದರೆ ಹೆಸರುಕಾಳು ಅದರೊಳಗೆ ಸಲೀಸಾಗಿ ಬಿದ್ದುಹೋಗುವುದುಂಟು. ಈ ಬಿಂಬದ ಬೆಳಕನ್ನು ರೋಹಿತವಾಗಿ ಬಿಡಿಸಿ ಕಾಂತಕ್ಷೇತ್ರವನ್ನು ಅಳೆಯುವ ಕೆಲಸ ಇಲ್ಲಿ ನಡೆಯುತ್ತದೆ. ಪ್ರವಾಸಿಗರಿಗೆ ತೆರೆದಿರುವ ವಸ್ತುಸಂಗ್ರಹಾಲಯದಲ್ಲೂ ಆ ಹೊತ್ತಿನ ಸೂರ್ಯಬಿಂಬ ಮತ್ತು ರೋಹಿತವನ್ನು ತೋರಿಸುವ ಏರ್ಪಾಡಿದೆ.

ಬಿಂಬದ ಮೈ ನುಣುಪಲ್ಲ. ಗಾಳಿ ನಿಶ್ಚಲವಾಗಿರುವ ಮುಂಜಾನೆ ಸೂಕ್ಷ್ಮವಾಗಿ ನೋಡಿದರೆ ಅಕ್ಕಿ ಹರಡಿದಂತೆ ಕಾಣುತ್ತದೆ. ಒಂದೊಂದು ‘ಅಕ್ಕಿ ಕಾಳೂ’ ಸುಮಾರು 1,000 ಕಿಲೋಮೀಟರ್ ಅಗಲ. ಒಳಗಿನಿಂದ ಬಿಸಿ ಅನಿಲ ಉಕ್ಕಿ ಬಂದು, ತಣ್ಣಗಾಗಿ, ಅಂಚಿನಲ್ಲಿ ಮತ್ತೆ ಮುಳುಗುತ್ತದೆ. ಹತ್ತು ನಿಮಿಷದಲ್ಲಿ ಹಳೆಯ ಕಾಳು ಅಳಿದು ಹೊಸದು ಬಂದಿರುತ್ತದೆ. ಅನ್ನಕ್ಕಿಟ್ಟ ಎಸರು ಕುದಿಯುವಂತೆ ಸೂರ್ಯನ ಮೈ ಸದಾ ಕುದಿಯುತ್ತಿದೆ. ಈ ಕುದಿತವನ್ನು ನೆನಪಿನಲ್ಲಿಡಬೇಕು. ಒಗಟಿನ ಒಂದು ತುದಿ ಇಲ್ಲಿದೆ.

ಹಸಿರು ಗೆರೆಯ ಒಗಟು

ಸೂರ್ಯನ ಹೊರ ವಾತಾವರಣ ಕೊಡೈಕೆನಾಲಿನ ಬಿಂಬದಲ್ಲಿ ಕಾಣುವುದಿಲ್ಲ. ಅದರ ಬೆಳಕು ಸೂರ್ಯನ ಮೈಯ ಬೆಳಕಿನ ಹತ್ತು ಲಕ್ಷದಲ್ಲಿ ಒಂದು ಪಾಲು ಮಾತ್ರ. ಚಂದ್ರ ಅಡ್ಡ ಬಂದು ಸೂರ್ಯನನ್ನು ಪೂರ್ತಿ ಮುಚ್ಚಿದಾಗ, ಕಪ್ಪು ತಟ್ಟೆಯ ಸುತ್ತ ಮುತ್ತಿನ ಬಣ್ಣದ ಕಿರೀಟವಾಗಿ ಅದು ಬೆಳಗುತ್ತದೆ. ಕರೋನಾ ಎಂಬ ಹೆಸರಿನ ಅರ್ಥವೇ ಕಿರೀಟ. 2020ರಲ್ಲಿ ಮನೆಮನೆಯನ್ನೂ ಹೆದರಿಸಿದ ಹೆಸರು ಆ ವೈರಾಣು ಗುಂಪಿಗೆ ಬಂದದ್ದೂ ಅದರ ಅಂಚು ಸೂರ್ಯನ ಕಿರೀಟದಂತೆ ಕಂಡದ್ದರಿಂದಲೇ.

ಕರ್ನಾಟಕದ ಅನೇಕ ತಂದೆತಾಯಿಯರಿಗೆ, ಅಜ್ಜ ಅಜ್ಜಿಯರಿಗೆ 1980ರ ಫೆಬ್ರವರಿ 16 ನೆನಪಿರಬಹುದು. ಅಂದು ಮಧ್ಯಾಹ್ನ ಅಂಕೋಲಾ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಚಂದ್ರನ ನೆರಳು ಹಾದುಹೋಯಿತು. ಬೀದಿಗಳು ಬಿಕೋ ಎನ್ನುತ್ತಿದ್ದವು. ಬಹಳ ಜನ ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದರು. ಅದೇ ಹೊತ್ತಿನಲ್ಲಿ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಖಭೌತ ಸಂಸ್ಥೆಯ ವಿಜ್ಞಾನಿಗಳು ಉಪಕರಣ ಹೂಡಿ ಕಾದಿದ್ದರು. ಅವರಿಗೆ ಸಿಕ್ಕ ಪೂರ್ಣ ಕತ್ತಲೆ ಮೂರು ನಿಮಿಷಕ್ಕೂ ಕಡಿಮೆ. ಬಹುಕಾಲ ಕರೋನಾದ ಬಗ್ಗೆ ಮನುಷ್ಯ ತಿಳಿದದ್ದೆಲ್ಲ ಹೀಗೆ ನಿಮಿಷಗಳ ಲೆಕ್ಕದಲ್ಲಿ ಕೂಡಿಹಾಕಿದ್ದು.

ಅಂಥ ಒಂದು ಗ್ರಹಣದಲ್ಲಿ, 1869ರ ಆಗಸ್ಟಿನಲ್ಲಿ, ಅಮೆರಿಕದ ಚಾರ್ಲ್ಸ್ ಯಂಗ್ ಮತ್ತು ವಿಲಿಯಂ ಹಾರ್ಕ್‌ನೆಸ್ ಕರೋನಾದ ರೋಹಿತದಲ್ಲಿ ಒಂದು ಹಸಿರು ಗೆರೆ ಕಂಡರು. ಭೂಮಿಯ ಮೇಲಿನ ಯಾವ ಧಾತುವಿಗೂ ಅದು ಹೊಂದಲಿಲ್ಲ. ಹೊಸ ಧಾತುವೇ ಇರಬೇಕು ಎಂದುಕೊಂಡು ‘ಕರೋನಿಯಂ’ ಎಂದು ಹೆಸರನ್ನೂ ಇಟ್ಟರು. ಎಪ್ಪತ್ತು ವರ್ಷ ಕಳೆದ ಮೇಲೆ ಜರ್ಮನಿಯ ವಾಲ್ಟರ್ ಗ್ರೋಟ್ರಿಯಾನ್, ಸ್ವೀಡನ್ನಿನ ಬೆಂಗ್ಟ್ ಎಡ್ಲೆನ್ ಗುಟ್ಟು ಬಿಡಿಸಿದರು. ಹೊಸ ಧಾತು ಅಲ್ಲ, ನಮ್ಮ ಕಬ್ಬಿಣವೇ! ಕಬ್ಬಿಣದ ಪರಮಾಣುವಿನಲ್ಲಿ 26 ಇಲೆಕ್ಟ್ರಾನುಗಳು. ಹಸಿರು ಗೆರೆ ಬಂದದ್ದು ಅವುಗಳಲ್ಲಿ 13ನ್ನು, ಅಂದರೆ ಸರಿಯಾಗಿ ಅರ್ಧವನ್ನು, ಕಳೆದುಕೊಂಡ ಕಬ್ಬಿಣದಿಂದ. ಅಷ್ಟನ್ನು ಕಿತ್ತೊಗೆಯಬೇಕಾದರೆ 10 ಲಕ್ಷ ಡಿಗ್ರಿಗೂ ಮೀರಿದ ಬಿಸಿ ಬೇಕು.

ಒಂದು ಒಗಟು ಬಿಡಿಸಿದಾಗ ಅದರ ಹೊಟ್ಟೆಯಿಂದ ಇನ್ನೂ ದೊಡ್ಡ ಒಗಟು ಹೊರಬಿತ್ತು. ಐದೂವರೆ ಸಾವಿರ ಡಿಗ್ರಿಯ ಮೈ ಹತ್ತು ಲಕ್ಷ ಡಿಗ್ರಿಯ ಕಿರೀಟವನ್ನು ಕಾಯಿಸುವುದು ಹೇಗೆ? ಬಿಸಿ ಕಾಫಿ ತಣ್ಣನೆಯ ಲೋಟಕ್ಕೆ ಬಿಸಿ ಕೊಡುತ್ತದೆಯೇ ಹೊರತು ಲೋಟ ಕಾಫಿಗೆ ಕೊಡುವುದಿಲ್ಲ.

ಹಗ್ಗ ಅಲುಗಿದರೆ, ಹುರಿ ಬಿಗಿದರೆ

ಕೊಡೈಕೆನಾಲಿನ ಚಳಿಯಲ್ಲಿ ಮಕ್ಕಳು ಅಂಗೈ ಉಜ್ಜಿಕೊಳ್ಳುತ್ತಾರೆ. ಅಂಗೈ ಬಿಸಿಯಾಗುತ್ತದೆ. ಆ ಬಿಸಿ ತೋಳಿನಿಂದ ಹರಿದುಬಂದದ್ದಲ್ಲ. ತೋಳು ಅಂಗೈಗಿಂತ ಬಿಸಿಯಾಗಿರಬೇಕಾಗಿಯೂ ಇಲ್ಲ. ತೋಳು ಕೊಟ್ಟದ್ದು ಚಲನೆ. ಅಂಗೈಯಲ್ಲಿ ಚಲನೆ ಬಿಸಿಯಾಯಿತು. ಸೂರ್ಯನಲ್ಲೂ ಶಕ್ತಿ ಮೇಲಕ್ಕೆ ಹೋಗುವುದು ಶಾಖದ ರೂಪದಲ್ಲಲ್ಲ, ಚಲನೆಯ ರೂಪದಲ್ಲಿ. ಕುದಿಯುವ ಮೈ ಅಲುಗಾಟವನ್ನು ಒದಗಿಸುತ್ತದೆ. ಅದನ್ನು ಮೇಲಕ್ಕೆ ಒಯ್ಯುವ ತೋಳು ಕಾಂತಕ್ಷೇತ್ರ.

ಶಕ್ತಿಗೆ ಬರವಿಲ್ಲ ಎಂಬುದು ಲೆಕ್ಕದಿಂದ ತಿಳಿಯುತ್ತದೆ. ಸೂರ್ಯನ ಮೈಯ ಪ್ರತಿ ಚದರ ಮೀಟರಿನಿಂದ ಸುಮಾರು 6.3 ಕೋಟಿ ವ್ಯಾಟ್ ಶಕ್ತಿ ಹೊರಡುತ್ತದೆ. ಕರೋನಾ ತೀರ ತೆಳು. ಅದರ ಶಾಂತ ಭಾಗಗಳನ್ನು ಬಿಸಿಯಾಗಿಡಲು ಚದರ ಮೀಟರಿಗೆ 300 ವ್ಯಾಟ್ ಸಾಕು. ಕಲೆಗಳ ಮೇಲಿನ ಚಟುವಟಿಕೆಯ ಭಾಗಗಳಿಗೂ 10,000 ವ್ಯಾಟ್ ಸಾಕು. ಆರು ಸಾವಿರ ರೂಪಾಯಿ ದುಡಿಯುವ ಮನೆಯಲ್ಲಿ ಒಂದು ರೂಪಾಯಿ ಮಹಡಿಗೆ ಹೋದಂತೆ. ಪ್ರಶ್ನೆ ರೂಪಾಯಿ ಇದೆಯೇ ಎಂಬುದಲ್ಲ. ಮಹಡಿ ಹತ್ತಿಸಿದವರು ಯಾರು, ಮೇಲೆ ಖರ್ಚು ಮಾಡಿದವರು ಯಾರು ಎಂಬುದು.

ಮೊದಲು ಅನುಮಾನ ಬಿದ್ದದ್ದು ಸದ್ದಿನ ಮೇಲೆ. ಕುದಿಯುವ ಅನಿಲ ಶಬ್ದದ ಅಲೆಗಳನ್ನು ಎಬ್ಬಿಸುತ್ತದೆ, ಅವು ಮೇಲೆ ಹೋಗಿ ಒಡೆದು ಬಿಸಿ ಕೊಡುತ್ತವೆ ಎಂದುಕೊಂಡರು. ಆದರೆ ಆ ಅಲೆಗಳು ಕರೋನಾ ಮುಟ್ಟುವ ಮೊದಲೇ ಬಹುಮಟ್ಟಿಗೆ ಸವೆದುಹೋಗುತ್ತವೆ ಎಂದು 1970ರ ದಶಕದ ಉಪಗ್ರಹಗಳ ಅಳತೆಗಳು ತೋರಿಸಿದವು. ಉಳಿದದ್ದು ಕಾಂತಕ್ಷೇತ್ರ.

ಕಾಂತಕ್ಷೇತ್ರದ ಬಲರೇಖೆಗಳನ್ನು ಹಗ್ಗಗಳೆಂದು ಭಾವಿಸಿದರೆ ಅರ್ಥವಾಗುವುದು ಸುಲಭ. ಸೂರ್ಯನ ಮೈಯಲ್ಲಿ ಅನಿಲ ದಟ್ಟ. ಅದು ಹೋದತ್ತ ಹಗ್ಗದ ಬುಡವೂ ಹೋಗಬೇಕು. ಅಲ್ಲಿ ಅನಿಲ ಯಜಮಾನ, ಕಾಂತಕ್ಷೇತ್ರ ಆಳು. ಕರೋನಾದಲ್ಲಿ ಅನಿಲ ಎಷ್ಟು ತೆಳುವೆಂದರೆ ಅದು ಹಗ್ಗವನ್ನು ಹಿಡಿದೇ ನಡೆಯಬೇಕು. ಅಲ್ಲಿ ಕಾಂತಕ್ಷೇತ್ರವೇ ಯಜಮಾನ. ಗ್ರಹಣದ ಚಿತ್ರಗಳಲ್ಲಿ ಕರೋನಾ ಕಮಾನು ಕಮಾನಾಗಿ, ಎಳೆ ಎಳೆಯಾಗಿ ಕಾಣುವುದು ಇದರಿಂದಲೇ. ಕೆಳಗೆ ಬುಡ ಅಲುಗಿದರೆ ಮೇಲೆ ಏನಾಗುತ್ತದೆ? ಇಲ್ಲಿ ವಿಜ್ಞಾನಿಗಳು ಎರಡು ದಾರಿ ತೋರಿಸುತ್ತಾರೆ.

ಒಂದು, ಅಲೆಯ ದಾರಿ. ಬಟ್ಟೆ ಒಣಗಿಸುವ ಹಗ್ಗದ ಒಂದು ತುದಿಯನ್ನು ಜಗ್ಗಿ ಬಿಟ್ಟರೆ ಅಲೆಯೊಂದು ಇನ್ನೊಂದು ತುದಿಗೆ ಓಡುತ್ತದೆ. ತಂಬೂರಿಯ ತಂತಿ ಮೀಟಿದರೂ ಅಷ್ಟೇ. ಬುಡ ಬೇಗ ಬೇಗ ಅಲುಗಿದಾಗ ಕಾಂತಕ್ಷೇತ್ರದ ಹಗ್ಗದಲ್ಲೂ ಇಂಥ ಅಲೆಗಳು ಏಳುತ್ತವೆ ಎಂದು 1942ರಲ್ಲಿ ಸ್ವೀಡನ್ನಿನ ಹಾನೆಸ್ ಆಲ್ಫ್ವೆನ್ ಲೆಕ್ಕ ಹಾಕಿ ಹೇಳಿದರು. ಮೊದಮೊದಲು ನಂಬಿದವರು ಕಡಿಮೆ. 1970ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. 2007ರಲ್ಲಿ ಕರೋನಾದಲ್ಲಿ ಇಂಥ ಅಲೆಗಳು ಓಡುತ್ತಿರುವುದನ್ನು ಉಪಕರಣಗಳು ನೇರವಾಗಿ ಕಂಡವು.

ಎರಡು, ಹುರಿಯ ದಾರಿ. ಬುಡ ನಿಧಾನವಾಗಿ ಅಡ್ಡಾಡಿದರೆ ಹಗ್ಗಗಳು ಒಂದಕ್ಕೊಂದು ಸುತ್ತಿಕೊಂಡು ಜಡೆಯಾಗುತ್ತವೆ. ಹಗ್ಗ ಹೊಸೆಯುವವರಿಗೆ ಗೊತ್ತು: ಹುರಿ ಹೆಚ್ಚಾದಂತೆ ಹಗ್ಗದಲ್ಲಿ ಶಕ್ತಿ ತುಂಬಿಕೊಳ್ಳುತ್ತದೆ, ಬಿಟ್ಟರೆ ಗಿರ್ರನೆ ಬಿಚ್ಚಿಕೊಳ್ಳುತ್ತದೆ. ಕಾಂತಕ್ಷೇತ್ರದ ಎಳೆಗಳು ತೀರ ಬಿಗಿದಾಗ ಕಡಿದು, ಪಕ್ಕದ ಎಳೆಯೊಂದಿಗೆ ಹೊಸದಾಗಿ ಕೂಡಿಕೊಳ್ಳುತ್ತವೆ. ಆ ಕ್ಷಣದಲ್ಲಿ ಕೂಡಿಟ್ಟ ಶಕ್ತಿ ಬಿಸಿಯಾಗಿ ಸಿಡಿಯುತ್ತದೆ. ದೊಡ್ಡ ಸೌರಜ್ವಾಲೆಯ ನೂರು ಕೋಟಿಯಲ್ಲಿ ಒಂದು ಪಾಲಿನಷ್ಟು ಪುಟ್ಟ ಸಿಡಿತಗಳು ಲೆಕ್ಕವಿಲ್ಲದಷ್ಟು ಆಗುತ್ತಿರಬೇಕು ಎಂದು 1988ರಲ್ಲಿ ಅಮೆರಿಕದ ಯೂಜೀನ್ ಪಾರ್ಕರ್ ಸೂಚಿಸಿದರು. ಒಂದೊಂದೇ ಕಾಳು ಸಿಡಿದು ಬಾಣಲೆ ತುಂಬ ಅರಳು ತುಂಬಿದಂತೆ.

ಈ ಪಾರ್ಕರ್ ಕಥೆ ವಿದ್ಯಾರ್ಥಿಗಳು ತಿಳಿಯಬೇಕಾದದ್ದು. ಇಷ್ಟು ಬಿಸಿಯಾದ ಕರೋನಾವನ್ನು ಸೂರ್ಯ ಹಿಡಿದಿಡಲಾರ, ಅದು ಗಾಳಿಯಾಗಿ ಎಲ್ಲೆಡೆ ಬೀಸುತ್ತಿರಬೇಕು ಎಂದು ಅವರು 1958ರಲ್ಲಿ ಬರೆದಾಗ, ಲೇಖನವನ್ನು ಪರಿಶೀಲಿಸಿದ ಇಬ್ಬರೂ ತಜ್ಞರು ತಿರಸ್ಕರಿಸಿದರು. ಪತ್ರಿಕೆಯ ಸಂಪಾದಕರಾಗಿದ್ದವರು ನಮ್ಮ ಸರ್ ಸಿ. ವಿ. ರಾಮನ್ ಅವರ ಅಣ್ಣನ ಮಗ ಸುಬ್ರಹ್ಮಣ್ಯನ್ ಚಂದ್ರಶೇಖರ್. ಗಣಿತದಲ್ಲಿ ತಪ್ಪು ಕಾಣಲಿಲ್ಲವೆಂದು ಅವರು ಲೇಖನವನ್ನು ಅಚ್ಚು ಮಾಡಿಸಿದರು. ಕೆಲವೇ ವರ್ಷಗಳಲ್ಲಿ ಗಗನನೌಕೆಗಳು ಸೌರಮಾರುತವನ್ನು ಅಳೆದೇಬಿಟ್ಟವು. 2018ರಲ್ಲಿ ಹಾರಿದ ಪಾರ್ಕರ್ ಹೆಸರಿನ ನೌಕೆ 2021ರ ಏಪ್ರಿಲಿನಲ್ಲಿ ಕರೋನಾದೊಳಗೇ ಹೊಕ್ಕಿತು. 2024ರ ಡಿಸೆಂಬರ್ 24ರಂದು ಸೂರ್ಯನ ಮೈಯಿಂದ ಸುಮಾರು 61 ಲಕ್ಷ ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಯಾವ ನೌಕೆಯೂ ಅಷ್ಟು ಹತ್ತಿರ ಹೋಗಿರಲಿಲ್ಲ.

ಅಲೆಯೋ ಹುರಿಯೋ? ಎರಡೂ ಇವೆ ಎಂಬುದರಲ್ಲಿ ಈಗ ಸಂಶಯವಿಲ್ಲ. ಯಾವುದರ ಪಾಲು ಎಲ್ಲಿ ಎಷ್ಟು ಎಂಬುದೇ ಉಳಿದ ಚರ್ಚೆ.

ಹೊಸಕೋಟೆಯಿಂದ 15 ಲಕ್ಷ ಕಿಲೋಮೀಟರ್

ಈ ಚರ್ಚೆ ಮುಗಿಯಬೇಕಾದರೆ ಕರೋನಾದ ಕಾಂತಕ್ಷೇತ್ರವನ್ನು ಅಳೆಯಬೇಕು. ಕಲೆಗಳಲ್ಲಿ ಸಾವಿರಾರು ಗಾಸ್ ಇರುವ ಬಲ ಕರೋನಾದ ಬಹುಭಾಗದಲ್ಲಿ ಕೆಲವೇ ಗಾಸ್‌ಗೆ ಇಳಿಯುತ್ತದೆ. ಬೆಳಕೋ ಬಲು ಮಂದ. ಗ್ರಹಣಕ್ಕಾಗಿ ವರ್ಷಗಟ್ಟಲೆ ಕಾಯುವ ಬದಲು ಗ್ರಹಣವನ್ನೇ ಕಟ್ಟಿಕೊಂಡರೆ ಹೇಗೆ?

ಬೆಂಗಳೂರಿನಿಂದ ಪೂರ್ವಕ್ಕೆ ಹೊಸಕೋಟೆಯ ಬಳಿ ಖಭೌತ ಸಂಸ್ಥೆಯ ಇನ್ನೊಂದು ಆವರಣವಿದೆ. ಲಡಾಖಿನ ಹಾನ್ಲೆಯಲ್ಲಿರುವ ದೂರದರ್ಶಕವನ್ನು ಇಲ್ಲಿ ಕುಳಿತೇ ನಡೆಸುತ್ತಾರೆ. ಒಂದು ಧೂಳಿನ ಕಣವೂ ಸುಳಿಯದಂತೆ ಕಾಯ್ದ ಇಲ್ಲಿನ ಕೋಣೆಗಳಲ್ಲಿ ‘ವೆಲ್ಕ್’ ಎಂಬ ಉಪಕರಣ ಸಿದ್ಧವಾಯಿತು. ಸೂರ್ಯನ ಬಿಂಬವನ್ನು ಒಳಗೇ ಮರೆಮಾಡಿ ಸುತ್ತಲಿನ ಕರೋನಾವನ್ನು ಮಾತ್ರ ನೋಡುವ ಸಾಧನ ಇದು. 2023ರ ಜನವರಿಯಲ್ಲಿ ಇದನ್ನು ಇಸ್ರೋಗೆ ಒಪ್ಪಿಸಿದರು. ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹಾರಿದ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣ ಇದೇ. 2024ರ ಜನವರಿ 6ರಂದು ನೌಕೆ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ತನ್ನ ಕಕ್ಷೆ ಸೇರಿತು. ಅಲ್ಲಿ ರಾತ್ರಿಯಿಲ್ಲ, ಮೋಡವಿಲ್ಲ.

ವೆಲ್ಕ್ ನೋಡುವ ಗೆರೆಗಳಲ್ಲಿ ಒಂದು ಯಾವುದು ಗೊತ್ತೇ? 1869ರಲ್ಲಿ ಮನುಷ್ಯನನ್ನು ಬೆಪ್ಪುಗೊಳಿಸಿದ ಅದೇ ಹಸಿರು ಗೆರೆ, ಹದಿಮೂರು ಇಲೆಕ್ಟ್ರಾನು ಕಳೆದುಕೊಂಡ ಕಬ್ಬಿಣದ್ದು. ಕಬ್ಬಿಣದ್ದೇ ಆದ, ಕಣ್ಣಿಗೆ ಕಾಣದ ಅವಕೆಂಪು ಗೆರೆಯೊಂದರಿಂದ ಕಾಂತಕ್ಷೇತ್ರವನ್ನು ಅಳೆಯುವ ಸಿದ್ಧತೆಯೂ ಅದರಲ್ಲಿದೆ. ಮೌಂಟ್ ವಿಲ್ಸನ್ನಿನಲ್ಲಿ ಹೇಲ್ ಹಿಡಿದ ಎಳೆಯ ಮುಂದಿನ ತುದಿ ಹೀಗೆ ಹೊಸಕೋಟೆಯ ಕೈಗೆ ಬಂದಿದೆ. ಇತ್ತ ಗೌರಿಬಿದನೂರಿನ ಬಯಲಿನಲ್ಲಿ ಸಾಲುಗಟ್ಟಿ ನಿಂತ ಆಂಟೆನಾಗಳು ಕರೋನಾದಿಂದ ಬರುವ ರೇಡಿಯೋ ಅಲೆಗಳನ್ನು ಆಲಿಸುತ್ತವೆ.

ಇದೆಲ್ಲ ವಿಜ್ಞಾನಿಗಳ ಕುತೂಹಲ ಮಾತ್ರ ಎನ್ನುವಂತಿಲ್ಲ. ಹುರಿ ಬಿಗಿದ ಕಾಂತಕ್ಷೇತ್ರ ಒಮ್ಮೊಮ್ಮೆ ದೊಡ್ಡದಾಗಿಯೇ ಕಡಿಯುತ್ತದೆ. ಕೋಟ್ಯಂತರ ಟನ್ ಅನಿಲ ಬಾಹ್ಯಾಕಾಶಕ್ಕೆ ಚಿಮ್ಮುತ್ತದೆ. 1989ರ ಮಾರ್ಚ್ 13ರಂದು ಅಂಥ ಬಿರುಗಾಳಿಯೊಂದು ಕೆನಡಾದ ಕ್ಯುಬೆಕ್ ಪ್ರಾಂತ್ಯದ ವಿದ್ಯುತ್ ಜಾಲವನ್ನೇ ಕೆಡವಿ, 60 ಲಕ್ಷ ಜನ ಸುಮಾರು 9 ಗಂಟೆ ಕತ್ತಲಲ್ಲಿದ್ದರು. 2024ರ ಮೇ ತಿಂಗಳ ಬಿರುಗಾಳಿ ಹಾನ್ಲೆಯ ಆಕಾಶಕ್ಕೂ ಕೆಂಪು ಬಳಿಯಿತು. ಉಪಗ್ರಹ, ಫೋನು, ವಿದ್ಯುತ್ತು ಇವುಗಳ ಮೇಲೆ ನಿಂತ ಬದುಕಿಗೆ ಸೂರ್ಯನ ಹವಾಮಾನವೂ ಈಗ ಹವಾಮಾನವೇ. ಮಳೆಯ ಮುನ್ಸೂಚನೆಗಾಗಿ ಹುಟ್ಟಿದ ವೀಕ್ಷಣಾಲಯ ಬೇರೊಂದು ಬಗೆಯ ಮುನ್ಸೂಚನೆಗೆ ನೆರವಾಗುತ್ತಿದೆ.

ಹೋಗುವವರಿಗೆ

ಬೆಂಗಳೂರಿನಿಂದ ಸೇಲಂ, ದಿಂಡಿಗಲ್, ಬತ್ಲಗುಂಡು ಮಾರ್ಗವಾಗಿ ಕೊಡೈಕೆನಾಲಿಗೆ ರಸ್ತೆಯಿದೆ. ರೈಲಿನಲ್ಲಿ ಹೋಗುವವರು ಕೊಡೈ ರೋಡ್ ನಿಲ್ದಾಣದಲ್ಲಿ ಇಳಿದು ಸುಮಾರು 80 ಕಿಲೋಮೀಟರ್ ಘಾಟಿ ಹತ್ತಬೇಕು. ವೀಕ್ಷಣಾಲಯದ ವೇಳೆಯನ್ನು ಮೊದಲೇ ವಿಚಾರಿಸಿಕೊಂಡು, ಸಾಧ್ಯವಾದಷ್ಟು ಬೆಳಿಗ್ಗೆಯೇ ಹೋಗುವುದು ಮೇಲು. ಮಧ್ಯಾಹ್ನದ ಮಂಜಿಗೆ ಯಾರ ಹಂಗೂ ಇಲ್ಲ. ಬರಿಗಣ್ಣಿನಿಂದಾಗಲಿ ದೂರದರ್ಶಕದಿಂದಾಗಲಿ ಸೂರ್ಯನನ್ನು ನೇರವಾಗಿ ನೋಡಕೂಡದು ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿರಬೇಕು. ಹೋಗಲಾಗದವರು ಬೇಸರಪಡಬೇಕಿಲ್ಲ. ದಪ್ಪ ಕಾಗದಕ್ಕೆ ಸೂಜಿಯಿಂದ ತೂತು ಮಾಡಿ ಬಿಸಿಲಿಗೆ ಹಿಡಿದರೆ, ಒಂದೆರಡು ಮೀಟರ್ ಆಚೆ ನೆರಳಿನಲ್ಲಿಟ್ಟ ಬಿಳಿ ಹಾಳೆಯ ಮೇಲೆ ಸೂರ್ಯ ಪುಟ್ಟ ಬಿಂಬವಾಗಿ ಬಂದು ಕೂರುತ್ತಾನೆ.

ಘಾಟಿ ಇಳಿಯುವಾಗ ಮತ್ತೆ ಸೆಕೆ, ಮತ್ತೆ ಗಾಜುಗಳು ತೆರೆಯುತ್ತವೆ, ಸ್ವೆಟರುಗಳು ಚೀಲ ಸೇರುತ್ತವೆ. ಮೇಲೆ, ಬೆಟ್ಟದ ನೆತ್ತಿಯಲ್ಲಿ, ಮೋಡ ಸರಿದರೆ ನಾಳೆ ಬೆಳಿಗ್ಗೆ ಗುಮ್ಮಟದ ಬಾಗಿಲು ತೆರೆಯುತ್ತದೆ. ಸೂರ್ಯನ ಇನ್ನೊಂದು ಚಿತ್ರ ಹಳೆಯ ಚಿತ್ರಗಳ ಸಾಲಿಗೆ ಸೇರುತ್ತದೆ. 1907ರಲ್ಲಿ ತೆಗೆದ ಫಲಕವನ್ನು ಇಂದು ಕಂಪ್ಯೂಟರಿನ ಮುಂದೆ ಕುಳಿತು ಓದುವವರಿದ್ದಾರೆ. ನಾಳಿನ ಚಿತ್ರವನ್ನು ಓದಿ ಕಿರೀಟದ ಒಗಟನ್ನು ಪೂರ್ತಿ ಬಿಡಿಸುವವರು ಬಹುಶಃ ಇಂದು ಏಳನೆಯ ತರಗತಿಯಲ್ಲಿ ಕುಳಿತಿರಬಹುದು.